ಕಂಪನಿ ಮುಳುಗಿತು, ಸಾಲ ಉಳಿಯಿತು: ಸಣ್ಣ ಪ್ರೈವೇಟ್ ಲಿಮಿಟೆಡ್ ನಡೆಸಿದವರಿಗೆ ಯಾವ ದಾರಿ ಸರಿ?

ಕಂಪನಿ ಇನ್ನು ನಡೆಯಲ್ಲ ಅಂತ ಗೊತ್ತಾದ ಕೂಡಲೇ ಎಲ್ಲರೂ ಸಾಲದ ಒಟ್ಟು ಮೊತ್ತ ಲೆಕ್ಕ ಹಾಕೋಕೆ ಕೂರುತ್ತಾರೆ. ಅದು ಬೇಕು, ಆದರೆ ಆಮೇಲೆ. ಮೊದಲು ನೋಡಬೇಕಾದ್ದು ಸಹಿ. ಯಾವ ಕಾಗದಕ್ಕೆ ಯಾರು, ಯಾವ ಹೆಸರಲ್ಲಿ ಸಹಿ ಹಾಕಿದ್ದೀರಿ? ಒಂದು ಕೋಟಿ ಸಾಲ ಇದ್ದರೂ ಮನೆಗೆ ಏನೂ ಆಗದೆ ಹೊರಗೆ ಬರೋರಿದ್ದಾರೆ, ಹದಿನೈದು ಲಕ್ಷಕ್ಕೆ ಅಪ್ಪನ ಮನೆ ಹರಾಜಿಗೆ ಹೋಗೋದೂ ಇದೆ. ವ್ಯತ್ಯಾಸ ಇರೋದು ಸಹಿಯಲ್ಲಿ.

ಇದನ್ನು ಬರೆಯುತ್ತಿರೋದು ಪೀಣ್ಯ, ಹುಬ್ಬಳ್ಳಿ, ಬೆಳಗಾವಿ ಕಡೆ ನಾಲ್ಕು ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡಿದವರಿಗೆ, ಸಣ್ಣ ಸಾಫ್ಟ್‌ವೇರ್ ಕಂಪನಿ ಅಥವಾ ಹೋಟೆಲ್ ಅನ್ನು ಪ್ರೈವೇಟ್ ಲಿಮಿಟೆಡ್ ಮಾಡಿ ನಡೆಸಿದವರಿಗೆ. ಗಂಡ ಹೆಂಡತಿ, ಇಲ್ಲಾ ಅಣ್ಣ ತಮ್ಮ ಇಬ್ಬರೇ ಡೈರೆಕ್ಟರ್ ಆಗಿರೋ ಕಂಪನಿಗಳು. ದೊಡ್ಡ ಕಂಪನಿಗಳ ದಿವಾಳಿ ಬಗ್ಗೆ ಪತ್ರಿಕೆಯಲ್ಲಿ ಬರೋ ಸುದ್ದಿ ಓದಿ "ನಾವೂ ಹಾಗೇ ಮಾಡೋಣ" ಅಂದುಕೊಂಡರೆ ಆಗಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಸಾಲಗಳನ್ನು ಬೇರೆ ಬೇರೆ ಮಾಡಿ

ಲಿಮಿಟೆಡ್ ಕಂಪನಿಯ ಸಾಲ ಕಂಪನಿಯದು, ಡೈರೆಕ್ಟರದ್ದಲ್ಲ. ಕಾನೂನು ಹೇಳೋದು ಇಷ್ಟೇ, ಇದು ನಿಜ ಕೂಡ. ಆದರೆ ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ ತೆಗೆದು ಕೊನೆಯ ಪುಟಗಳನ್ನು ನೋಡಿ. ಒಂದು ಕಡೆ ಕಂಪನಿ ಸೀಲ್ ಹಾಕಿ, "ಡೈರೆಕ್ಟರ್" ಅಂತ ಬರೆದು ಸಹಿ ಮಾಡಿರುತ್ತೀರಿ. ಅದು ಕಂಪನಿಯ ಸಹಿ. ಅದರ ಹಿಂದೆಯೇ ಗ್ಯಾರಂಟಿ ಡೀಡ್ ಅಂತ ಇನ್ನೊಂದು ಇರುತ್ತೆ. ಅಲ್ಲಿ ಸೀಲ್ ಇರಲ್ಲ, ನಿಮ್ಮ ಹೆಸರು, ತಂದೆ ಹೆಸರು, ಮನೆ ವಿಳಾಸ ಇರುತ್ತೆ. ಅದು ನಿಮ್ಮ ಸ್ವಂತ ಸಹಿ. ಅದರ ಪಕ್ಕದಲ್ಲಿ ಹೆಂಡತಿಯದೋ, ಅಪ್ಪನದೋ ಸಹಿ ಇದೆಯಾ ನೋಡಿ. ಇದ್ದರೆ ಅವರೂ ಸಿಕ್ಕಿಕೊಂಡ ಹಾಗೇ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಮೊದಲು ಕಂಪನಿಯನ್ನು ಹಿಡಿದು ಆಮೇಲೆ ನಿಮ್ಮ ಹತ್ತಿರ ಬರಬೇಕು ಅಂತೇನಿಲ್ಲ, ನೇರವಾಗಿ ನಿಮ್ಮ ಹತ್ತಿರವೇ ಬರಬಹುದು.

ಹೀಗೆ ನೋಡಿದರೆ ಸಾಲ ನಾಲ್ಕು ರಾಶಿ ಆಗುತ್ತೆ. ಕಂಪನಿಯದು ಮಾತ್ರ ಆಗಿರೋದು: ಕಚ್ಚಾ ಮಾಲು ಕೊಟ್ಟವರ ಬಾಕಿ, ಬಾಡಿಗೆ ಬಾಕಿ, ನೀವು ಜಾಮೀನು ಹಾಕದ ಎಲ್ಲವೂ. ಎರಡನೆಯದು ನಿಮ್ಮ ಗ್ಯಾರಂಟಿ ಇರೋದು. ಮೂರನೆಯದು ನೀವು ಸಹಿ ಹಾಕದೇ ಇದ್ದರೂ ಕಾನೂನೇ ಡೈರೆಕ್ಟರ್ ತಲೆಗೆ ಕಟ್ಟಬಹುದಾದ್ದು: ಸಂಬಳದಿಂದ ಹಿಡಿದು ಕಟ್ಟದೆ ಉಳಿಸಿಕೊಂಡ ಪಿಎಫ್, ಟಿಡಿಎಸ್, ಗ್ರಾಹಕರಿಂದ ವಸೂಲಿ ಮಾಡಿ ತುಂಬದ ಜಿಎಸ್‌ಟಿ, ಆದಾಯ ತೆರಿಗೆ ಬಾಕಿ. ಪ್ರೈವೇಟ್ ಕಂಪನಿಯಿಂದ ತೆರಿಗೆ ವಸೂಲಾಗದಿದ್ದರೆ ಡೈರೆಕ್ಟರಿಂದ ವಸೂಲಿ ಮಾಡಬಹುದು ಅಂತ ಆದಾಯ ತೆರಿಗೆ ಕಾನೂನಲ್ಲೂ ಇದೆ, ಜಿಎಸ್‌ಟಿ ಕಾನೂನಿನ 89ನೇ ಸೆಕ್ಷನ್‌ನಲ್ಲೂ ಇದೆ. ತನ್ನ ನಿರ್ಲಕ್ಷ್ಯದಿಂದ ಹಾಗಾಗಿಲ್ಲ ಅಂತ ತೋರಿಸೋ ಭಾರ ಡೈರೆಕ್ಟರ್ ಮೇಲೇ ಇರುತ್ತೆ. ನಾಲ್ಕನೆಯದು ಕಂಪನಿಗೆ ಅಂತ ನಿಮ್ಮ ಹೆಸರಲ್ಲೇ ಎತ್ತಿದ್ದು: ಪರ್ಸನಲ್ ಲೋನ್, ಒಡವೆ ಸಾಲ, ಚೀಟಿ, ಕೈಸಾಲ. ಕಂಪನಿ ಇರಲಿ ಬಿಡಲಿ, ಅದು ನಿಮ್ಮದೇ.

ಚೆಕ್ಕಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಸಪ್ಲೈಯರ್‌ಗೆ ಕೊಟ್ಟ ಚೆಕ್ ಕಂಪನಿ ಖಾತೆಯದೇ ಇರಬಹುದು, ಆದರೆ ಬೌನ್ಸ್ ಆದರೆ ಸಹಿ ಹಾಕಿದ ಡೈರೆಕ್ಟರ್ ಮೇಲೂ ಕೇಸ್ ಬರುತ್ತೆ. 138ನೇ ಸೆಕ್ಷನ್ ಕೇಸಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲಾ ಚೆಕ್ ಮೊತ್ತದ ಎರಡರಷ್ಟು ದಂಡ, ಇಲ್ಲಾ ಎರಡೂ ಆಗಬಹುದು. ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕೊಡೋಕೆ 15 ದಿನ ಇರುತ್ತೆ. ಆ 15 ದಿನ ಬಹಳ ಮುಖ್ಯ. ಒಬ್ಬನೇ ಸಪ್ಲೈಯರ್ ಹತ್ತಿರ ಎರಡು ಲಕ್ಷ ಬಾಕಿ ಇದ್ದು ಚೆಕ್ ಕೊಟ್ಟಿದ್ದರೆ, ಅವನು ಚೆಕ್ ಇಲ್ಲದ ಹತ್ತು ಲಕ್ಷದವನಿಗಿಂತ ನಿಮಗೆ ಹೆಚ್ಚು ತುರ್ತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಪೀಣ್ಯದಲ್ಲಿ ಒಂದು ಮೆಷಿನ್ ಶಾಪ್ ಅಂತಿಟ್ಟುಕೊಳ್ಳಿ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ 40 ಲಕ್ಷ, ಅದಕ್ಕೆ ಇಬ್ಬರು ಡೈರೆಕ್ಟರ್ ಗ್ಯಾರಂಟಿ, ಜೊತೆಗೆ ಅಪ್ಪನ ಹೆಸರಿನ ಮನೆ ಅಡಮಾನ. ಸಪ್ಲೈಯರ್ ಬಾಕಿ 14 ಲಕ್ಷ. ಜಿಎಸ್‌ಟಿ 3 ಲಕ್ಷ, ಪಿಎಫ್ 1 ಲಕ್ಷ. ಡೈರೆಕ್ಟರ್ ಹೆಸರಲ್ಲಿ ಪರ್ಸನಲ್ ಲೋನ್ 8 ಲಕ್ಷ, ಭಾವನಿಂದ ಕೈಸಾಲ 5 ಲಕ್ಷ. ಒಟ್ಟು 71 ಲಕ್ಷ. ಇನ್ನೊಂದು ಕಡೆ ಎರಡು ಸಿಎನ್‌ಸಿ ಮೆಷಿನ್ ಮಾರಿದರೆ 15 ಲಕ್ಷ ಬರಬಹುದು, ಗಿರಾಕಿಗಳಿಂದ ಬರಬೇಕಾದ ದುಡ್ಡಲ್ಲಿ 5 ಲಕ್ಷ ಸಿಗಬಹುದು. ಈ ಲೆಕ್ಕವನ್ನು ಪ್ರತಿ ದಾರಿಗೂ ಹಚ್ಚಿ ನೋಡೋಣ.

ಬಾಗಿಲು ಹಾಕಿ ಸುಮ್ಮನಾಗೋದು

ಜಾಸ್ತಿ ಜನ ಮಾಡೋದು ಇದನ್ನೇ. ಶಟರ್ ಎಳೆದು, ಶೆಡ್ಡಿನ ಬೀಗದ ಕೈ ಓನರ್‌ಗೆ ಕೊಟ್ಟು, ಫೋನ್ ನಂಬರ್ ಬದಲಾಯಿಸೋದು. ಇದರಲ್ಲಿ ಖರ್ಚಿಲ್ಲ ಅನ್ನಿಸುತ್ತೆ. ಆದರೆ ಪ್ರತಿ ವರ್ಷ ಆರ್‌ಒಸಿಗೆ (ಕಂಪನಿಗಳ ನೋಂದಣಿ ಕಚೇರಿಗೆ) ಸಲ್ಲಿಸಬೇಕಾದ ಎರಡು ಫಾರಂಗಳು, ಲೆಕ್ಕಪತ್ರದ್ದೊಂದು, ವಾರ್ಷಿಕ ವಿವರದ್ದೊಂದು, ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ ಬೀಳುತ್ತೆ. ಒಂದು ವರ್ಷಕ್ಕೆ ಎರಡೂ ಸೇರಿ 73,000. ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ಕಂಪನಿ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಐದು ವರ್ಷ ಡೈರೆಕ್ಟರ್ ಆಗೋ ಅರ್ಹತೆ ಹೋಗುತ್ತೆ, ಬೇರೆ ಕಂಪನಿಯಲ್ಲಿ ಡೈರೆಕ್ಟರ್ ಆಗಿದ್ದರೆ ಅಲ್ಲಿಂದಲೂ ಇಳಿಯಬೇಕು. 2017ರಲ್ಲಿ ಕೇಂದ್ರ ಸರ್ಕಾರ ಹೀಗೆ ಸುಮ್ಮನೆ ಬಿದ್ದಿದ್ದ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳನ್ನು ಪಟ್ಟಿಯಿಂದ ತೆಗೆದು ಹಾಕಿದಾಗ ಲಕ್ಷಾಂತರ ಡೈರೆಕ್ಟರ್‌ಗಳು ಅನರ್ಹರಾದರು. ಹೊಸ ಕೆಲಸ ಶುರು ಮಾಡಿಕೊಂಡಿದ್ದವರೂ ಅದರಲ್ಲಿ ಸಿಕ್ಕಿಬಿದ್ದರು.

ಆರ್‌ಒಸಿಯೇ ಕಂಪನಿಯನ್ನು ತೆಗೆದು ಹಾಕಲಿ, ನಮಗೇನು ಅನ್ನೋ ವಾದವೂ ಇದೆ. ತೆಗೆದು ಹಾಕಿದರೂ ಡೈರೆಕ್ಟರ್ ಹೊಣೆ ಹಾಗೇ ಉಳಿಯುತ್ತೆ ಅಂತ 248ನೇ ಸೆಕ್ಷನ್‌ನಲ್ಲೇ ಬರೆದಿದೆ. ಬ್ಯಾಂಕಿಗಂತೂ ನಿಮ್ಮ ಗ್ಯಾರಂಟಿ ಕೈಲಿದೆ, ಕಂಪನಿ ಇದ್ದರೆಷ್ಟು ಹೋದರೆಷ್ಟು. ನಮ್ಮ ಉದಾಹರಣೆಯಲ್ಲಿ ಈ ದಾರಿ ಹಿಡಿದರೆ ಅಪ್ಪನ ಮನೆ ಬಾಗಿಲಿಗೆ ನೋಟಿಸ್ ಅಂಟಿಸೋ ದಿನ ಮಾತುಕತೆಗೆ ನಿಮ್ಮ ಕೈಲಿ ಏನೂ ಉಳಿದಿರಲ್ಲ. ಈ ದಾರಿ ಯಾರಿಗೂ ಬೇಡ.

ಸ್ಟ್ರೈಕ್ ಆಫ್: ಅಗ್ಗದ ದಾರಿ, ಆದರೆ ಸಾಲ ತೀರಿದ ಮೇಲೆ

ಎಸ್‌ಟಿಕೆ-2 ಅನ್ನೋ ಫಾರಂ ಹಾಕಿ ಕಂಪನಿಯ ಹೆಸರನ್ನು ಪಟ್ಟಿಯಿಂದ ತೆಗೆಸೋದು. ಸರ್ಕಾರದ ಶುಲ್ಕ 10,000 ರೂಪಾಯಿ. 2023ರ ಮೇ 1ರಿಂದ ಈ ಅರ್ಜಿಗಳನ್ನೆಲ್ಲ ದೇಶಕ್ಕೆ ಒಂದೇ ಕಡೆ, ಸಿ-ಪೇಸ್ ಅನ್ನೋ ಕೇಂದ್ರದಲ್ಲಿ ನೋಡುತ್ತಾರೆ. ಹಾಗಾಗಿ ಮೊದಲಿಗಿಂತ ಬೇಗ ಮುಗಿಯುತ್ತೆ. ಶೇರುದಾರರ ವಿಶೇಷ ನಿರ್ಣಯ ಇಲ್ಲಾ ಶೇ 75ರಷ್ಟು ಬಂಡವಾಳ ಇರೋರ ಒಪ್ಪಿಗೆ ಬೇಕು, 30 ದಿನಕ್ಕಿಂತ ಹಳೆಯದಲ್ಲದ ಲೆಕ್ಕಪಟ್ಟಿ ಬೇಕು, ಬಾಕಿ ಇರೋ ವಾರ್ಷಿಕ ಫಾರಂಗಳನ್ನು ತುಂಬಿರಬೇಕು.

ಇಲ್ಲಿ ಜನ ಎಡವೋ ಜಾಗ ಒಂದಿದೆ. ಕಾನೂನು ಹೇಳೋದು "ಎಲ್ಲ ಹೊಣೆಗಳನ್ನು ತೀರಿಸಿದ ಮೇಲೆ" ಅರ್ಜಿ ಹಾಕಿ ಅಂತ. ಅರ್ಜಿಯ ಜೊತೆ ಪ್ರತಿ ಡೈರೆಕ್ಟರ್ ಅಫಿಡವಿಟ್ ಮತ್ತು ನಷ್ಟಭರ್ತಿ ಬಾಂಡ್ ಕೊಡಬೇಕು, ಅಂದರೆ ಮುಂದೆ ಯಾವುದಾದರೂ ಬಾಕಿ ಹೊರಗೆ ಬಂದರೆ ನಾನೇ ಕೊಡುತ್ತೇನೆ ಅಂತ ಛಾಪಾ ಕಾಗದದ ಮೇಲೆ ಬರೆದುಕೊಟ್ಟ ಹಾಗೆ. ಅಲ್ಲಿಯವರೆಗೆ ಕಂಪನಿಯದು ಮಾತ್ರ ಆಗಿದ್ದ ಸಪ್ಲೈಯರ್ ಸಾಲಕ್ಕೆ ನೀವಾಗೇ ಸ್ವಂತ ಸಹಿ ಹಾಕಿದಂತಾಯಿತು! "ಸಾಲ ಜೀರೋ ಅಂತ ತೋರಿಸಿ ಹಾಕಿಬಿಡೋಣ ಸಾರ್, ಯಾರು ಕೇಳ್ತಾರೆ" ಅನ್ನೋರ ಮಾತು ಕೇಳಬೇಡಿ. ಮೋಸದಿಂದ ಅರ್ಜಿ ಹಾಕಿದ್ದು ಅಂತ ಸಾಬೀತಾದರೆ 251ನೇ ಸೆಕ್ಷನ್ ಪ್ರಕಾರ ಸಾಲ ಕೊಟ್ಟವರಿಗೆ ಆದ ನಷ್ಟಕ್ಕೆ ನೀವೇ ಸ್ವಂತವಾಗಿ ಹೊಣೆ. ಬಾಕಿ ಬರಬೇಕಾದವರು 20 ವರ್ಷದವರೆಗೂ ಎನ್‌ಸಿಎಲ್‌ಟಿಗೆ, ಅಂದರೆ ಕಂಪನಿ ಕೇಸುಗಳ ನ್ಯಾಯಮಂಡಳಿಗೆ ಹೋಗಿ ಕಂಪನಿಯನ್ನು ಮತ್ತೆ ಎಬ್ಬಿಸಬಹುದು.

ಸಾಲ ಇಲ್ಲದ, ಇಲ್ಲಾ ಉಳಿದ ಸಾಲವೆಲ್ಲ ಡೈರೆಕ್ಟರ್‌ಗಳೇ ಕಂಪನಿಗೆ ಕೊಟ್ಟಿದ್ದು ಆಗಿದ್ದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ನಿಮ್ಮದೇ ಸಾಲವನ್ನು ನೀವು ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟು ಲೆಕ್ಕ ಮುಗಿಸಬಹುದು, ಅದಕ್ಕೆ ತೆರಿಗೆ ಏನಾದರೂ ಬೀಳುತ್ತಾ ಅಂತ ಸಿಎ ಹತ್ತಿರ ಮೊದಲೇ ಕೇಳಿ. ಬೇರೆಯವರ ಸಾಲ ಇದ್ದರೆ ಸ್ಟ್ರೈಕ್ ಆಫ್ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ಎನ್‌ಸಿಎಲ್‌ಟಿ ದಾರಿ ಯಾಕೆ ಸಣ್ಣವರಿಗೆ ಕಷ್ಟ

ದಿವಾಳಿ ಸಂಹಿತೆ, ಅಂದರೆ 2016ರ ಐಬಿಸಿ. ಅದರ 10ನೇ ಸೆಕ್ಷನ್‌ನಲ್ಲಿ ಕಂಪನಿ ತಾನೇ ಹೋಗಿ "ನಮ್ಮ ಕೈಲಿ ಆಗಲ್ಲ" ಅಂತ ಅರ್ಜಿ ಹಾಕಬಹುದು. ಅರ್ಜಿ ಒಪ್ಪಿದರೆ ಮೊರಟೋರಿಯಂ ಬರುತ್ತೆ: ಕಂಪನಿ ಮೇಲಿನ ವಸೂಲಿ, ದಾವೆ ಎಲ್ಲ ನಿಲ್ಲುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಬಾಕಿ ಬಿದ್ದ ಮೊತ್ತ ಕನಿಷ್ಠ 1 ಕೋಟಿ ಇರಬೇಕು. ಮೊದಲು ಇದು 1 ಲಕ್ಷ ಇತ್ತು, 2020ರ ಮಾರ್ಚ್ 24ರಂದು ಒಂದೇ ಸಲ ಕೋಟಿಗೆ ಏರಿಸಿದರು. ನಮ್ಮ ಉದಾಹರಣೆಯ ಕಂಪನಿಯ ಸ್ವಂತ ಸಾಲ 58 ಲಕ್ಷ. ಬಾಗಿಲೇ ತೆರೆಯಲ್ಲ.

ಇದರಿಂದ ಒಂದು ಅನುಕೂಲವೂ ಇದೆ. ಹತ್ತು ಲಕ್ಷ ಬಾಕಿ ಇರೋ ಸಪ್ಲೈಯರ್ ವಕೀಲರ ಕೈಲಿ "ಎನ್‌ಸಿಎಲ್‌ಟಿಗೆ ಎಳೀತೀವಿ" ಅಂತ ನೋಟಿಸ್ ಕಳಿಸಿದರೆ ಹೆದರಬೇಡಿ, ಅಷ್ಟು ಮೊತ್ತಕ್ಕೆ ಅವರಿಗೂ ಆಗಲ್ಲ. ಆದರೆ ಸಪ್ಲೈಯರ್ ಉದ್ಯಮ್ ನೋಂದಣಿ ಇರೋ ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಆಗಿದ್ದರೆ ಎಂಎಸ್‌ಎಂಇ ಕಾಯ್ದೆಯ ಮಂಡಳಿಗೆ ಹೋಗಬಹುದು. ಅಲ್ಲಿ ಬಡ್ಡಿ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಅಲ್ಲಿನ ತೀರ್ಪನ್ನು ಪ್ರಶ್ನಿಸಬೇಕಾದರೆ ಮೊತ್ತದ ಶೇ 75ರಷ್ಟು ಮೊದಲು ಕಟ್ಟಬೇಕು. ಅಂಥ ಸಪ್ಲೈಯರ್ ಜೊತೆ ಬೇಗ ಕೂತು ಮಾತಾಡೋದು ವಾಸಿ.

ಬಾಕಿ ಕೋಟಿ ದಾಟಿದ್ದರೆ? ಆಗಲೂ ಖರ್ಚು ನೋಡಿ. ಅರ್ಜಿ ಶುಲ್ಕ 25,000, ಅದು ದೊಡ್ಡದಲ್ಲ. ಕಂಪನಿ ನೋಡಿಕೊಳ್ಳೋ ವೃತ್ತಿಪರರಿಗೆ ಕನಿಷ್ಠ ಶುಲ್ಕ ತಿಂಗಳಿಗೆ 1 ಲಕ್ಷ ಅಂತ 2022ರ ಅಕ್ಟೋಬರ್‌ನಿಂದ ನಿಯಮ ಇದೆ. ಕಾನೂನಿನಲ್ಲಿ 180 ದಿನ, ಹೆಚ್ಚೆಂದರೆ 330 ದಿನ ಅಂತಿದ್ದರೂ ಎಷ್ಟೋ ಕೇಸು ಅದನ್ನು ಮೀರಿ ಎಳೆಯುತ್ತವೆ. ಇಪ್ಪತ್ತು ಲಕ್ಷದ ಆಸ್ತಿ ಇರೋ ಕಂಪನಿಯಲ್ಲಿ ಈ ಖರ್ಚೇ ಮೊದಲು ಕಳೆಯುತ್ತೆ, ಯಾಕೆಂದರೆ ಹಂಚಿಕೆಯ ಸಾಲಿನಲ್ಲಿ ಮೊದಲು ನಿಲ್ಲೋದು ಆ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳವರೆಗಿನ ಬಾಕಿ ಮತ್ತು ಅಡಮಾನ ಇರೋ ಬ್ಯಾಂಕು ಜೊತೆಯಾಗಿ, ಆಮೇಲೆ ಉಳಿದ ನೌಕರರು, ಆಮೇಲೆ ಅಡಮಾನ ಇಲ್ಲದ ಹಣಕಾಸು ಸಾಲ, ಆಮೇಲೆ ಸರ್ಕಾರ, ಅದರ ಹಿಂದೆ ಸಪ್ಲೈಯರ್‌ಗಳು. ಕಾರ್ಮಿಕರ ಪಿಎಫ್, ಗ್ರಾಚ್ಯುಟಿ ಹಣವನ್ನು ಮಾತ್ರ ಈ ಹಂಚಿಕೆಯಿಂದ ಹೊರಗೇ ಇಟ್ಟಿದ್ದಾರೆ, ಅದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯ ಮಾತು: ಕಂಪನಿಯ ಮೊರಟೋರಿಯಂ ಜಾಮೀನುದಾರರನ್ನು ಕಾಪಾಡಲ್ಲ. ಕಂಪನಿ ಎನ್‌ಸಿಎಲ್‌ಟಿಯಲ್ಲಿ ಇರುವಾಗಲೇ ಬ್ಯಾಂಕು ಅಪ್ಪನ ಮನೆ ಮೇಲೆ ಹೋಗಬಹುದು. ಚೆಕ್ ಕೇಸು ಕಂಪನಿ ಮೇಲೆ ನಿಲ್ಲುತ್ತೆ, ಸಹಿ ಹಾಕಿದ ಡೈರೆಕ್ಟರ್ ಮೇಲೆ ಮುಂದುವರಿಯುತ್ತೆ, 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ, ಕಂಪನಿಯನ್ನು ಉಳಿಸೋ ಪರಿಹಾರ ಯೋಜನೆ (ರೆಸಲ್ಯೂಶನ್ ಪ್ಲಾನ್) ಒಪ್ಪಿಗೆಯಾದ ಮಾತ್ರಕ್ಕೆ ಜಾಮೀನುದಾರ ಬಿಡುಗಡೆ ಆಗಲ್ಲ ಅಂತಲೂ ಹೇಳಿದೆ. ಹಾಗಾದರೆ ಈ ದಾರಿ ಯಾರಿಗೆ? ಸಾಲ ದೊಡ್ಡದಿದ್ದು, ಸ್ವಂತ ಗ್ಯಾರಂಟಿ ಕಮ್ಮಿ ಇದ್ದು, ಹತ್ತಾರು ಜನ ಒಟ್ಟಿಗೆ ಎಳೆದಾಡುತ್ತಿರುವವರಿಗೆ. ಅಂಥವರಿಗೆ ಇದು ನಿಜಕ್ಕೂ ಮರ್ಯಾದೆಯ ದಾರಿ, ಎಲ್ಲರೂ ಒಂದೇ ಕಡೆ ಕ್ಲೇಮ್ ಹಾಕುತ್ತಾರೆ, ಕಾನೂನು ಹೇಳಿದ ಸಾಲಿನಲ್ಲಿ ಹಂಚಿಕೆ ಆಗುತ್ತೆ, ಕಂಪನಿ ಶಾಶ್ವತವಾಗಿ ಮುಗಿಯುತ್ತೆ.

ಹೆಸರು ಕೇಳಿ ಗೊಂದಲ ಆಗೋ ಇನ್ನೂ ಮೂರು ಇವೆ, ಬೇಗ ಹೇಳಿಬಿಡುತ್ತೇನೆ. ಐಬಿಸಿ 59ನೇ ಸೆಕ್ಷನ್‌ನ ಸ್ವಯಂ ಲಿಕ್ವಿಡೇಶನ್ ಇರೋದು ಸಾಲ ಪೂರ್ತಿ ತೀರಿಸೋ ಶಕ್ತಿ ಇರುವ ಕಂಪನಿಗೆ, ಡೈರೆಕ್ಟರ್‌ಗಳು ಹಾಗಂತ ಪ್ರಮಾಣ ಮಾಡಬೇಕು, ಮುಳುಗಿದವರಿಗೆ ಅಲ್ಲ. ಎಂಎಸ್‌ಎಂಇಗಳಿಗೆ 2021ರಲ್ಲಿ ಬಂದ ಪ್ರೀ-ಪ್ಯಾಕ್ (ಮೊದಲೇ ಮಾತಾಡಿಕೊಂಡು ಎನ್‌ಸಿಎಲ್‌ಟಿಗೆ ಹೋಗೋದು) 10 ಲಕ್ಷದ ಬಾಕಿಗೂ ಸಿಗುತ್ತೆ, 120 ದಿನದ್ದು, ಆಡಳಿತ ನಿಮ್ಮ ಕೈಲೇ ಇರುತ್ತೆ, ಆದರೆ ಬ್ಯಾಂಕಿನಂಥ ಹಣಕಾಸು ಸಾಲ ಕೊಟ್ಟವರಲ್ಲಿ ಬಹುಪಾಲು ಮಂದಿ ಮೊದಲೇ ಒಪ್ಪಬೇಕು, ಮತ್ತು ಇದು ಆರ್ಡರ್ ಇನ್ನೂ ಬರುತ್ತಿರೋ, ಉಸಿರಿರೋ ಕಂಪನಿಗೆ. ಮೂರನೆಯದು ಕಂಪನಿ ಕಾಯ್ದೆಯ 271ನೇ ಸೆಕ್ಷನ್‌ನ ವೈಂಡಿಂಗ್ ಅಪ್. ಶೇರುದಾರರು ವಿಶೇಷ ನಿರ್ಣಯ ಮಾಡಿ ಎನ್‌ಸಿಎಲ್‌ಟಿಗೆ ಹೋಗಬಹುದು, ಕೋಟಿಯ ಮಿತಿ ಇದಕ್ಕಿಲ್ಲ. ನಿಧಾನದ ದಾರಿ, ಆದರೂ ಮಾತುಕತೆಗೆ ಯಾರೂ ಬಗ್ಗದಿದ್ದರೆ ಕಂಪನಿ ಸೆಕ್ರೆಟರಿ (ಸಿಎಸ್) ಹತ್ತಿರ ಇದರ ಬಗ್ಗೆ ಕೇಳಿ.

ಒಟಿಎಸ್: ಬಹಳ ಮಂದಿಗೆ ಉಳಿಯೋ ದಾರಿ

ಒಟಿಎಸ್ ಅಂದರೆ ಒಂದೇ ಸಲಕ್ಕೆ ಇಷ್ಟು ಕಟ್ಟುತ್ತೇನೆ, ಉಳಿದದ್ದು ಬಿಡಿ ಅಂತ ಬ್ಯಾಂಕಿನ ಜೊತೆ ಮಾಡಿಕೊಳ್ಳೋ ರಾಜಿ. ಸಣ್ಣ ಕಂಪನಿಗಳ ವಿಷಯದಲ್ಲಿ ನಾನು ಇದನ್ನೇ ಮೊದಲು ನೋಡಿ ಅನ್ನುತ್ತೇನೆ, ಯಾಕೆಂದರೆ ಕಂಪನಿಯ ಸಾಲ ಮತ್ತು ನಿಮ್ಮ ಗ್ಯಾರಂಟಿ ಎರಡನ್ನೂ ಒಂದೇ ಕಾಗದದಲ್ಲಿ ಮುಗಿಸೋ ಅವಕಾಶ ಇಲ್ಲಿದೆ.

ಒಟಿಎಸ್ ನಿಮ್ಮ ಹಕ್ಕಲ್ಲ ಅಂತ ತಿಳಿದಿರಲಿ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಕೊಡಲೇಬೇಕು ಅಂತ ಬ್ಯಾಂಕಿಗೆ ಕೋರ್ಟ್ ಆದೇಶ ಮಾಡೋಕೆ ಬರಲ್ಲ. ಬ್ಯಾಂಕು ನೋಡೋದು ಒಂದೇ ಲೆಕ್ಕ: ಹರಾಜು ಹಾಕಿದರೆ ಎಷ್ಟು ಬರುತ್ತೆ, ಎಷ್ಟು ದಿನ ಬೇಕು. ಹಾಗಾಗಿ ಅಡಮಾನ ಗಟ್ಟಿ ಇದ್ದಷ್ಟೂ ಮನ್ನಾ ಕಮ್ಮಿ. ನಮ್ಮ ಉದಾಹರಣೆಯಲ್ಲಿ ಅಪ್ಪನ ಮನೆ 80 ಲಕ್ಷ ಬಾಳುತ್ತೆ ಅಂದರೆ 40 ಲಕ್ಷದ ಸಾಲಕ್ಕೆ ಬ್ಯಾಂಕು ಅಸಲು ಬಿಡೋದು ಅಪರೂಪ. ಬಡ್ಡಿ, ದಂಡದಲ್ಲಿ ಕಡಿಮೆ ಮಾಡಬಹುದು. ಕೇಳೋಕೆ ಕಷ್ಟವಾದ ಮಾತು, ಆದರೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಅಂಥ ಕಡೆ ಮೆಷಿನ್ ಮಾರಿದ 15 ಲಕ್ಷ ಕಟ್ಟಿ, ಉಳಿದದ್ದಕ್ಕೆ ಆರು ತಿಂಗಳ ಕಾಲಾವಕಾಶ ಕೇಳಿ, ಮನೆಯವರೆಲ್ಲ ಕೂತು ಬೇರೆ ಯಾವುದಾದರೂ ಸೈಟು, ತೋಟ, ಒಡವೆ ಇದೆಯಾ ನೋಡಬೇಕು. ಏನೂ ಇಲ್ಲದಿದ್ದರೆ ಬ್ಯಾಂಕಿನ ಒಪ್ಪಿಗೆ ಪಡೆದು ಮನೆಯನ್ನು ನೀವೇ ಮಾರುಕಟ್ಟೆ ಬೆಲೆಗೆ ಮಾರೋದು, ಹರಾಜಿನಲ್ಲಿ ಹೋಗೋದಕ್ಕಿಂತ ಸಾಮಾನ್ಯವಾಗಿ ಎಷ್ಟೋ ವಾಸಿ. 80ಕ್ಕೆ ಮಾರಿ 25 ಕಟ್ಟಿದರೆ ಇನ್ನೊಂದು ಸಣ್ಣ ಮನೆಗೆ ದುಡ್ಡು ಉಳಿಯುತ್ತೆ.

ಅಡಮಾನವೇ ಇಲ್ಲದ, ಸಿಜಿಟಿಎಂಎಸ್‌ಇ ಯೋಜನೆಯಡಿ (ಸಣ್ಣ ಉದ್ಯಮದ ಸಾಲಕ್ಕೆ ಸರ್ಕಾರದ ಟ್ರಸ್ಟು ಬ್ಯಾಂಕಿಗೆ ಗ್ಯಾರಂಟಿ ಕೊಡೋ ಯೋಜನೆ) ಸಿಕ್ಕ ಸಾಲ ಆಗಿದ್ದರೆ ಮಾತುಕತೆಗೆ ಜಾಗ ಜಾಸ್ತಿ. ಆದರೆ ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ: "ಸರ್ಕಾರದ ಟ್ರಸ್ಟು ಬ್ಯಾಂಕಿಗೆ ದುಡ್ಡು ಕೊಟ್ಟಾಯ್ತು, ನನ್ನ ಸಾಲ ಮುಗೀತು" ಅಂತ. ಮುಗಿಯಲ್ಲ. ಆ ಗ್ಯಾರಂಟಿ ಬ್ಯಾಂಕಿನ ರಕ್ಷಣೆಗೆ ಇರೋದು, ನಿಮ್ಮದಕ್ಕಲ್ಲ. ಟ್ರಸ್ಟ್ ಕೊಟ್ಟ ಮೇಲೂ ಬ್ಯಾಂಕು ನಿಮ್ಮಿಂದ ವಸೂಲಿ ಮುಂದುವರಿಸಲೇಬೇಕು.

ಮಾತುಕತೆ ನಡೆಯುವಾಗಲೇ ಸರ್ಫೇಸಿ ನೋಟಿಸ್ ಬರಬಹುದು (ಅಡಮಾನದ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳೋ ಕಾಯ್ದೆ ಇದು). 13(2) ನೋಟಿಸ್ ಬಂದರೆ 60 ದಿನ ಇರುತ್ತೆ. ಸುಮ್ನೆ ಕೂರಬೇಡಿ, ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ. ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಬೇಕು. ಆಸ್ತಿ ಸ್ವಾಧೀನದ ಹೆಜ್ಜೆ ಇಟ್ಟರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ (ಡಿಆರ್‌ಟಿ) ಹೋಗಬಹುದು. ಬಾಕಿ ಪೂರ್ತಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳೋ ಹಕ್ಕು ಹರಾಜಿನ ನೋಟಿಸ್ ಪ್ರಕಟವಾಗೋ ತನಕ ಮಾತ್ರ, 2016ರ ತಿದ್ದುಪಡಿ ಆದ ಮೇಲೆ ಹೀಗೆ. ಕೃಷಿ ಜಮೀನನ್ನು ಸರ್ಫೇಸಿಯಲ್ಲಿ ಮುಟ್ಟೋ ಹಾಗಿಲ್ಲ, ಊರಲ್ಲಿ ಜಮೀನು ಅಡ ಇಟ್ಟವರು ಇದನ್ನು ವಕೀಲರ ಗಮನಕ್ಕೆ ತನ್ನಿ. ಸಾಲ ರಾಜ್ಯ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿಯದಾಗಿದ್ದರೆ ಅವರಿಗೆ 1951ರ ಕಾಯ್ದೆಯ 29ನೇ ಸೆಕ್ಷನ್‌ನಲ್ಲಿ ಕೋರ್ಟಿಗೆ ಹೋಗದೆ ಘಟಕವನ್ನೇ ವಶಕ್ಕೆ ತೆಗೆದುಕೊಳ್ಳೋ ಅಧಿಕಾರ ಇದೆ, ಅಲ್ಲಿ ತಡ ಮಾಡಿದರೆ ಕಷ್ಟ.

ಮೆಷಿನ್ ಮಾರೋ ವಿಷಯ. ನಿಮ್ಮ ಶೆಡ್ಡಿನಲ್ಲಿ ಇದ್ದರೂ ಅದು ಬ್ಯಾಂಕಿಗೆ ಹೈಪೋಥಿಕೇಟ್, ಅಂದರೆ ಸಾಲಕ್ಕೆ ಒತ್ತೆ ಆಗಿರುತ್ತೆ. ಸಿಸಿ ಸಾಲದಲ್ಲಿ ಸರಕು, ಗಿರಾಕಿಗಳಿಂದ ಬರಬೇಕಾದ ದುಡ್ಡೂ ಹಾಗೇ. ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರಿದರೆ ಪೊಲೀಸ್ ದೂರಿನವರೆಗೂ ಹೋಗುತ್ತೆ. ಸಾಲದ ಮೊತ್ತ 25 ಲಕ್ಷ ದಾಟಿದ್ದರೆ, ಕೈಲಿದ್ದೂ ಕಟ್ಟಲಿಲ್ಲ, ಇಲ್ಲಾ ದುಡ್ಡು ಬೇರೆ ಕಡೆ ತಿರುಗಿಸಿದರು ಅಂತ ಉದ್ದೇಶಪೂರ್ವಕ ಸುಸ್ತಿದಾರರ ಪಟ್ಟಿಗೂ ಸೇರಿಸಬಹುದು. ಒಪ್ಪಿಗೆ ಕೇಳುವಾಗಲೇ "ಗಿರಾಕಿಗಳಿಂದ ಬರೋ 5 ಲಕ್ಷದಲ್ಲಿ ಪಿಎಫ್ ಮತ್ತು ಕೆಲಸಗಾರರ ಸಂಬಳ ಕೊಡೋಕೆ ಬಿಡಿ" ಅಂತ ಪತ್ರದಲ್ಲೇ ಬರೆಯಿರಿ. ಎಷ್ಟೋ ಜನ ಬಾಯಲ್ಲಿ ಕೇಳಿ ಬಿಟ್ಟುಬಿಡುತ್ತಾರೆ.

ಇನ್ನು ಒಟಿಎಸ್ ಪತ್ರ ಕೈಗೆ ಬಂದಾಗ ಮೊತ್ತವನ್ನಷ್ಟೇ ನೋಡಿ ಖುಷಿಪಡಬೇಡಿ. ಅದರಲ್ಲಿ ಕಂಪನಿಯ ಹೆಸರು ಮಾತ್ರ ಇದೆಯಾ, ಎಲ್ಲ ಜಾಮೀನುದಾರರ ಹೆಸರೂ ಇದೆಯಾ? ಹಣ ಕಟ್ಟಿದ ಮೇಲೆ ಗ್ಯಾರಂಟಿ ರದ್ದು, ಮನೆ ಪತ್ರ ವಾಪಸ್, ಡಿಆರ್‌ಟಿ ಕೇಸು ಹಿಂತೆಗೆತ, ಭದ್ರತೆಗೆ ಕೊಟ್ಟ ಖಾಲಿ ಚೆಕ್ ವಾಪಸ್ ಅಂತ ಒಂದೊಂದೂ ಬರೆದಿದೆಯಾ? ಒಂದು ಕಂತು ತಪ್ಪಿದರೆ ಇಡೀ ಒಪ್ಪಂದ ರದ್ದು ಅಂತ ಒಂದು ಸಾಲು ಇದ್ದೇ ಇರುತ್ತೆ, ಅದಕ್ಕೇ ಕಟ್ಟಲಾಗದ ದಿನಾಂಕಕ್ಕೆ ಒಪ್ಪಬೇಡಿ. ಇನ್ನೊಂದು: ಸಾಲದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ, ಆದರೆ ಆ ಅವಧಿ ಮುಗಿಯೋದರೊಳಗೆ ಸಾಲ ಒಪ್ಪಿಕೊಂಡು ನೀವು ಸಹಿ ಹಾಕಿದ ಪತ್ರ ಕೊಟ್ಟರೆ ಅಲ್ಲಿಂದ ಮತ್ತೆ ಮೂರು ವರ್ಷ ಶುರು. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಬರೆದದ್ದೂ ಒಪ್ಪಿಗೆ ಅಂತ ಆಗಬಹುದು. ಹಳೇ ಸಾಲವಾಗಿದ್ದರೆ ಪತ್ರ ಬರೆಯೋ ಮೊದಲು ವಕೀಲರಿಗೆ ತೋರಿಸಿ.

ಸಿಬಿಲ್‌ನಲ್ಲಿ "ಸೆಟಲ್ಡ್" ಅಂತ ಬೀಳುತ್ತೆ, "ಕ್ಲೋಸ್ಡ್" ಅಂತಲ್ಲ. ಕೆಲವು ವರ್ಷ ಹೊಸ ಸಾಲ ಕಷ್ಟ. ರಾಜಿ ಮಾಡಿಕೊಂಡವರಿಗೆ ಹೊಸ ಸಾಲ ಕೊಡೋಕೆ ಕನಿಷ್ಠ 12 ತಿಂಗಳು ಕಾಯಬೇಕು ಅಂತ 2023ರ ಜೂನ್‌ನ ಆರ್‌ಬಿಐ ಸುತ್ತೋಲೆಯಲ್ಲೂ ಇದೆ. ಮನೆ ಉಳಿಯೋದಾದರೆ ಈ ಬೆಲೆ ತೆರಬಹುದು ಅಂತ ನನ್ನ ಅಭಿಪ್ರಾಯ.

ಜಾಮೀನುದಾರ ತಾನೇ ದಿವಾಳಿ ಅರ್ಜಿ ಹಾಕೋದು

ಬ್ಯಾಂಕು ಯಾವುದಕ್ಕೂ ಬಗ್ಗಲ್ಲ, ಗ್ಯಾರಂಟಿ ಮೊತ್ತ ನಿಮ್ಮ ಜೀವಮಾನದ ದುಡಿಮೆಗಿಂತ ಜಾಸ್ತಿ ಅಂದಾಗ ಈ ದಾರಿ. ಕಂಪನಿ ಸಾಲಕ್ಕೆ ಜಾಮೀನು ಹಾಕಿದ ವ್ಯಕ್ತಿಗಳಿಗೆ ಐಬಿಸಿ 2019ರ ಡಿಸೆಂಬರ್ 1ರಿಂದ ಅನ್ವಯ ಆಗಿದೆ. 94ನೇ ಸೆಕ್ಷನ್‌ನಲ್ಲಿ ಜಾಮೀನುದಾರ ಹಾಕಿದ ಅರ್ಜಿ ಒಪ್ಪಿಗೆಯಾದರೆ ಸಾಲದ ವಸೂಲಿಗೆ ತಾತ್ಕಾಲಿಕ ತಡೆ ಬರುತ್ತೆ. ಆಮೇಲೆ ಮರುಪಾವತಿ ಯೋಜನೆ ಕೊಡಬೇಕು, ಸಾಲ ಕೊಟ್ಟವರಲ್ಲಿ ಮೊತ್ತದ ಲೆಕ್ಕದಲ್ಲಿ ಮುಕ್ಕಾಲಿಗಿಂತ ಹೆಚ್ಚು ಮಂದಿ ಒಪ್ಪಬೇಕು. ಚೆಕ್ ಬೌನ್ಸ್ ಕೇಸು ಇದರಿಂದ ನಿಲ್ಲಲ್ಲ, 2025ರಲ್ಲಿ ಸುಪ್ರೀಂ ಕೋರ್ಟ್ ಹಾಗಂತ ಹೇಳಿದೆ. ಬರೀ ಹರಾಜು ಮುಂದೂಡೋಕೆ ಅಂತ ಈ ಅರ್ಜಿ ಹಾಕಿಸೋರು ಇದ್ದಾರೆ. ಕೊಡೋ ಯೋಜನೆಯೇ ಇಲ್ಲದೆ ಹೋದರೆ ವಕೀಲರ ಫೀಸು ಹೋಗುತ್ತೆ, ಕೆಲವು ತಿಂಗಳು ಸಿಗುತ್ತೆ, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು?

ಸಾಲ ಬರೀ ಸಪ್ಲೈಯರ್‌ಗಳದ್ದು, ಗ್ಯಾರಂಟಿ ಇಲ್ಲ, ಚೆಕ್ ಕೊಟ್ಟಿಲ್ಲ ಅಂದರೆ ನಿಮ್ಮ ಸ್ಥಿತಿ ನೀವು ಅಂದುಕೊಂಡಷ್ಟು ಕೆಟ್ಟಿಲ್ಲ. ಕಂಪನಿಯ ಆಸ್ತಿ ಮಾರಿದ್ದನ್ನು ಎಲ್ಲರಿಗೂ ಅವರವರ ಬಾಕಿಯ ಪ್ರಮಾಣದಲ್ಲಿ ಹಂಚಿ, "ಪೂರ್ತಿ ಮತ್ತು ಅಂತಿಮ ಪಾವತಿ" ಅಂತ ಒಬ್ಬೊಬ್ಬರಿಂದಲೂ ಬರೆಸಿಕೊಂಡು, ಆಮೇಲೆ ಸ್ಟ್ರೈಕ್ ಆಫ್ ಹಾಕಿ. ಯಾವ ಸಪ್ಲೈಯರ್ ಎಷ್ಟೇ ಜೋರು ಮಾಡಲಿ, ಅವರ ಬಾಕಿಗೆ ಹೊಸದಾಗಿ ಸ್ವಂತ ಚೆಕ್ ಕೊಡೋದು, ಛಾಪಾ ಕಾಗದಕ್ಕೆ ಸಹಿ ಹಾಕೋದು ಬೇಡ. ಹಾಗೆ ಮಾಡಿದರೆ ಮೊದಲ ರಾಶಿಯ ಸಾಲ ಎರಡನೇ ರಾಶಿಗೆ ಹೋಗಿ ಬೀಳುತ್ತೆ.

ಬ್ಯಾಂಕ್ ಸಾಲಕ್ಕೆ ಗ್ಯಾರಂಟಿ, ಅಡಮಾನ ಇದೆ, ಒಟ್ಟು ಬಾಕಿ ಕೋಟಿಯ ಒಳಗೆ ಅಂದರೆ ಒಟಿಎಸ್, ಅದರ ಹಿಂದೆ ಸಪ್ಲೈಯರ್ ರಾಜಿ, ಕೊನೆಗೆ ಸ್ಟ್ರೈಕ್ ಆಫ್. ಕೋಟಿ ದಾಟಿ, ಸಾಲ ಕೊಟ್ಟವರು ಹತ್ತಾರು ಜನ ಇದ್ದರೆ ಎನ್‌ಸಿಎಲ್‌ಟಿಯನ್ನೂ, ಅದರ ಜೊತೆಗೇ ಗ್ಯಾರಂಟಿಗೆ ಪ್ರತ್ಯೇಕ ರಾಜಿಯನ್ನೂ ಯೋಚಿಸಿ; ಒಂದು ಮಾಡಿ ಇನ್ನೊಂದು ಬಿಟ್ಟರೆ ಪ್ರಯೋಜನ ಇಲ್ಲ. ಯಾವ ದಾರಿ ಹಿಡಿದರೂ ಕೆಲಸಗಾರರ ಸಂಬಳ ಮತ್ತು ಪಿಎಫ್ ಮೊದಲು ಬರಲಿ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ ಪ್ರಕಾರ ಸಂಸ್ಥೆ ಮುಚ್ಚಿದರೆ ಎರಡು ಕೆಲಸದ ದಿನದಲ್ಲಿ ಸಂಬಳ ಚುಕ್ತಾ ಮಾಡಬೇಕು. ಕಾನೂನು ಬಿಡಿ, ಅವರ ಮನೆಯಲ್ಲೂ ಬಾಡಿಗೆ, ಸ್ಕೂಲ್ ಫೀಸು ಇರುತ್ತೆ ಅಲ್ವಾ.

ಭಾವನ 5 ಲಕ್ಷ? ಮನಸ್ಸು ಮೊದಲು ಅಲ್ಲಿಗೇ ಹೋಗುತ್ತೆ, ನೆಂಟಸ್ತಿಕೆ ಅಂಥದ್ದು. ಆದರೆ ಕಂಪನಿ ದುಡ್ಡಿಂದ ಅದನ್ನು ತೀರಿಸಬೇಡಿ. ಕೇಸು ಐಬಿಸಿಗೆ ಹೋದರೆ ಸಂಬಂಧಿಕರಿಗೆ ಹಿಂದಿನ ಎರಡು ವರ್ಷದಲ್ಲಿ ಕೊಟ್ಟದ್ದನ್ನು, ಬೇರೆಯವರಿಗೆ ಒಂದು ವರ್ಷದಲ್ಲಿ ಕೊಟ್ಟದ್ದನ್ನು ಪಕ್ಷಪಾತ ಅಂತ ವಾಪಸ್ ತರಿಸಬಹುದು. ಅವರ ಹತ್ತಿರ ಕೂತು ನಿಜ ಹೇಳಿ, ನಿಮ್ಮ ಮುಂದಿನ ದುಡಿಮೆಯಿಂದ ಕೊಡೋ ಮಾತು ಕೊಡಿ. ಮೀಟರ್ ಬಡ್ಡಿಗೆ ತಂದಿದ್ದರೆ ಅದು ಬೇರೆ ಕಥೆ: ವಿಪರೀತ ಬಡ್ಡಿ ತಡೆಯೋ 2004ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ, ಮನೆಗೆ ಬಂದು ಗಲಾಟೆ ಮಾಡಿದರೆ ಠಾಣೆಗೆ ದೂರು ಕೊಡಿ. ಬ್ಯಾಂಕಿನ ವಸೂಲಿಯವರೂ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ. ನಿದ್ದೆ ಬರದೆ, ಬದುಕೇ ಬೇಡ ಅನ್ನಿಸೋ ಮಟ್ಟಕ್ಕೆ ಹೋದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಇದು ದುಡ್ಡಿನ ತೊಂದರೆ, ಇದಕ್ಕೆ ಕಾಗದದಲ್ಲಿ ಪರಿಹಾರ ಇದೆ.

ಎಲ್ಲ ಮುಗಿದ ಮೇಲೆ ಮಾಡಬೇಕಾದ ಸಣ್ಣ ಕೆಲಸಗಳನ್ನು ಬಿಡಬೇಡಿ. ಬ್ಯಾಂಕಿನಿಂದ ನೋ ಡ್ಯೂಸ್ ಪತ್ರ. ಆರ್‌ಒಸಿಯಲ್ಲಿ ಚಾರ್ಜ್ (ಕಂಪನಿ ಆಸ್ತಿ ಮೇಲೆ ಬ್ಯಾಂಕಿಗಿರೋ ಹಕ್ಕು) ತೀರಿದ ಬಗ್ಗೆ ಸಿಎಚ್‌ಜಿ-4 ಫಾರಂ, ಇದು ಬಾಕಿ ಇದ್ದರೆ ಸ್ಟ್ರೈಕ್ ಆಫ್ ನಿಂತುಹೋಗುತ್ತೆ. ಜಿಎಸ್‌ಟಿ ನೋಂದಣಿ ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10. ಮನೆ ಅಡಮಾನ ನೋಂದಣಿ ಆಗಿದ್ದರೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಬಿಡುಗಡೆ ಪತ್ರ ಮಾಡಿಸಿ, ಕೆಲವು ವಾರ ಬಿಟ್ಟು ಕಾವೇರಿ ಪೋರ್ಟಲ್‌ನಲ್ಲಿ ಹೊಸ ಇಸಿ (ಋಣಭಾರ ಪತ್ರ) ತೆಗೆಸಿ ಬ್ಯಾಂಕಿನ ಹೆಸರು ಹೋಗಿದೆಯಾ ಅಂತ ನೋಡಿ. ಹೋಗಿಲ್ಲದಿದ್ದರೆ ಅದೇ ದಿನ ಬ್ಯಾಂಕಿಗೆ ಪತ್ರ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.